ಪ್ರಭು ಭೋಜನ: ಪದೇ ಪದೇ ಕೇಳುವ ಪ್ರಶ್ನೆಗಳು

ಆರಾಧನೆಗೆ ಮುಂಚೆ ಮೇಜಿಗೆ ಬಿಳಿ ಬಟ್ಟೆ ಹಾಸಿ, ರೊಟ್ಟಿ ಕತ್ತರಿಸಿ, ಪಾತ್ರೆಗೆ ದ್ರಾಕ್ಷಾರಸ ಸುರಿದಿಡುವ ಕೆಲಸವನ್ನು ಇಪ್ಪತ್ತು ವರ್ಷಗಳಿಂದ ಮಾಡುತ್ತಿದ್ದೇನೆ. ನಾನು ಸಭಾಪಾಲಕನಲ್ಲ, ಸಭೆಯ ಹಿರಿಯರಲ್ಲಿ ಒಬ್ಬ. ಬಹುಶಃ ಅದಕ್ಕೇ ಜನ ಸಭಾಪಾಲಕರ ಬಳಿ ಕೇಳಲು ಹಿಂಜರಿಯುವುದನ್ನೆಲ್ಲ ನನ್ನ ಬಳಿ ಕೇಳುತ್ತಾರೆ: ಪಾತ್ರೆ ತೊಳೆಯುವಾಗ, ಬಾಗಿಲ ಬಳಿ ಚಪ್ಪಲಿ ಹುಡುಕುವಾಗ, ಒಮ್ಮೊಮ್ಮೆ ಕಾಗದ ಬರೆದು. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ನಾನು ಪ್ರೊಟೆಸ್ಟಂಟ್ ಸಭೆಯವನು. ಬೇರೆ ಸಭೆಗಳ ನಿಲುವು ಬಂದಲ್ಲಿ, ಆ ಸಭೆಯವರೇ ಓದಿದರೂ ‘ಹೌದು, ಇದು ನಮ್ಮ ಮಾತೇ’ ಎನ್ನುವಂತೆ ಹೇಳಲು ಪ್ರಯತ್ನಿಸಿದ್ದೇನೆ.

## ಮೊದಲ ಪರಿಚಯ

ಒಂದು ಚೂರು ರೊಟ್ಟಿ, ಒಂದು ಗುಟುಕು ರಸ. ಇದನ್ನು ‘ಭೋಜನ’ ಎಂದು ಕರೆಯುವುದೇಕೆ?

ಇದು ಹುಟ್ಟಿದ್ದೇ ನಿಜವಾದ ಊಟದ ನಡುವೆ. ಬಂಧನಕ್ಕೊಳಗಾದ ರಾತ್ರಿ ಯೇಸು ಯೆರೂಸಲೇಮಿನ ಒಂದು ಮೇಲಂತಸ್ತಿನ ಕೋಣೆಯಲ್ಲಿ ಶಿಷ್ಯರ ಜೊತೆ ಊಟಕ್ಕೆ ಕುಳಿತಿದ್ದರು. ಮೊದಲ ಮೂರು ಸುವಾರ್ತೆಗಳ ಪ್ರಕಾರ ಅದು ಪಸ್ಕ ಹಬ್ಬದ ಊಟ, ಐಗುಪ್ತದ ದಾಸತ್ವದಿಂದ ಬಿಡುಗಡೆಯಾದದ್ದನ್ನು ಯಹೂದ್ಯರು ನೆನೆಯುವ ಹಬ್ಬ. ಅಲ್ಲಿ ರೊಟ್ಟಿಯನ್ನು ತೆಗೆದುಕೊಂಡು, ದೇವರಿಗೆ ಸ್ತೋತ್ರ ಮಾಡಿ, ಮುರಿದು, ‘ಇದು ನನ್ನ ದೇಹ’ ಎಂದು ಹೇಳಿ ಕೊಟ್ಟರು. ಊಟವಾದ ಮೇಲೆ ಪಾತ್ರೆಯನ್ನೂ ಹಾಗೆಯೇ ಕೊಟ್ಟು, ಇದು ತಮ್ಮ ರಕ್ತದಿಂದಾಗುವ ಹೊಸ ಒಡಂಬಡಿಕೆ ಎಂದರು. ಮೊದಲ ತಲೆಮಾರಿನ ಸಭೆಗಳಲ್ಲಿ ಹೊಟ್ಟೆ ತುಂಬುವ ಊಟ ಮತ್ತು ಈ ಸಂಸ್ಕಾರ ಒಟ್ಟಿಗೇ ನಡೆಯುತ್ತಿದ್ದವು. ಎರಡನೇ ಶತಮಾನದ ಮಧ್ಯದ ಹೊತ್ತಿಗೆ ಸಂಸ್ಕಾರ ಊಟದಿಂದ ಕಳಚಿಕೊಂಡು ಬೇರೆ ನಿಂತಿತ್ತು. ಪ್ರಮಾಣ ಚೂರಿಗೆ, ಗುಟುಕಿಗೆ ಇಳಿದರೂ ತೆಗೆದುಕೊಳ್ಳುವುದು, ಸ್ತೋತ್ರ ಮಾಡುವುದು, ಮುರಿಯುವುದು, ಕೊಡುವುದು ಎಂಬ ನಾಲ್ಕು ಕ್ರಿಯೆಗಳು ಇಂದಿಗೂ ಅದೇ ಕ್ರಮದಲ್ಲಿ ನಡೆಯುತ್ತವೆ.

ಒಬ್ಬರು ಪರಮಪ್ರಸಾದ ಎನ್ನುತ್ತಾರೆ, ಇನ್ನೊಬ್ಬರು ಕರ್ತನ ಮೇಜು ಎನ್ನುತ್ತಾರೆ, ಮತ್ತೊಬ್ಬರು ಬಲಿಪೂಜೆ ಎನ್ನುತ್ತಾರೆ. ಇವೆಲ್ಲ ಬೇರೆ ಬೇರೆಯೇ?

ಮೂಲ ಒಂದೇ. ಯಾವ ಅಂಶದ ಮೇಲೆ ಬೆರಳಿಡುತ್ತೀರಿ ಎಂಬುದರ ಮೇಲೆ ಹೆಸರು ಬದಲಾಗುತ್ತದೆ. ‘ಯೂಕರಿಸ್ಟ್’ ಗ್ರೀಕ್ ಮೂಲದ್ದು. ಅರ್ಥ, ಕೃತಜ್ಞತಾ ಸ್ತುತಿ. ‘ಕಮ್ಯೂನಿಯನ್’ ಎಂದರೆ ಅನ್ಯೋನ್ಯತೆ, ಒಂದರಲ್ಲಿ ಪಾಲುಗಾರರಾಗುವುದು. ‘ಮಾಸ್’, ಅಂದರೆ ಬಲಿಪೂಜೆಯ ಇಂಗ್ಲಿಷ್ ಹೆಸರು, ಲ್ಯಾಟಿನ್ ಪೂಜೆಯ ಕೊನೆಯಲ್ಲಿ ಜನರನ್ನು ಕಳುಹಿಸಿಕೊಡುವ ಮಾತಿನಿಂದ ಬಂದದ್ದು. ಅಪೊಸ್ತಲರ ಕೃತ್ಯಗಳು ಪುಸ್ತಕದಲ್ಲಿರುವುದು ಇವೆಲ್ಲಕ್ಕಿಂತ ಸರಳ: ‘ರೊಟ್ಟಿ ಮುರಿಯುವುದು’. ಮೇಜು ಸಿದ್ಧಪಡಿಸುವ ನನಗೆ ಕೈಕೆಲಸದ ವಾಸನೆಯಿರುವ ಈ ಹೆಸರೇ ಹೆಚ್ಚು ಇಷ್ಟ.

ಇದನ್ನು ಮಾಡಿರಿ ಎಂದು ಯೇಸು ಹೇಳಿದ್ದು ಎಲ್ಲಿ ಬರೆದಿದೆ?

ಮತ್ತಾಯ 26, ಮಾರ್ಕ 14, ಲೂಕ 22, ಮತ್ತು ಅಪೊಸ್ತಲನಾದ ಪೌಲನು ಕೊರಿಂಥದ ಸಭೆಯವರಿಗೆ ಬರೆದ ಮೊದಲ ಪತ್ರದ 11ನೇ ಅಧ್ಯಾಯ. ಇವುಗಳಲ್ಲಿ ಹಳೆಯದು ಪೌಲನ ಬರಹ, ಸುಮಾರು ಕ್ರಿ.ಶ. 55ರದು, ಅಂದರೆ ಸುವಾರ್ತೆಗಳು ಈಗಿನ ರೂಪಕ್ಕೆ ಬರುವ ಮೊದಲೇ ಈ ಮಾತುಗಳು ಸಭೆಗಳಲ್ಲಿ ಬಾಯಿಪಾಠವಾಗಿದ್ದವು. ‘ನನ್ನನ್ನು ನೆನಪಿಸಿಕೊಳ್ಳುವುದಕ್ಕಾಗಿ ಹೀಗೆ ಮಾಡಿರಿ’ ಎಂಬ ಆಜ್ಞೆ ಇರುವುದು ಪೌಲನಲ್ಲಿ ಮತ್ತು ಲೂಕನಲ್ಲಿ. ಯೋಹಾನನ ಸುವಾರ್ತೆಯಲ್ಲಿ ಕೊನೆಯ ಊಟ ಇದೆ, ಆದರೆ ರೊಟ್ಟಿ ಮತ್ತು ಪಾತ್ರೆಯ ಮಾತುಗಳಿಲ್ಲ. ಆ ಜಾಗದಲ್ಲಿ ಯೇಸು ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು ಶಿಷ್ಯರ ಕಾಲು ತೊಳೆಯುತ್ತಾರೆ.

ದೇಹ ತಿನ್ನುವುದು, ರಕ್ತ ಕುಡಿಯುವುದು ಎಂಬ ಮಾತು ಕೇಳಿದರೆ ಮೈ ಜುಮ್ಮೆನ್ನುತ್ತದೆ. ನಿಮಗೆ ಹಾಗೆ ಅನ್ನಿಸುವುದಿಲ್ಲವೇ?

ಅನ್ನಿಸಬೇಕು. ಅನ್ನಿಸದಿರುವುದು ಅಭ್ಯಾಸಬಲ. ಯೋಹಾನನ 6ನೇ ಅಧ್ಯಾಯದಲ್ಲಿ ಈ ಮಾತು ಕೇಳಿ ‘ಇದು ಕಠಿಣವಾದ ಮಾತು’ ಎಂದು ಶಿಷ್ಯರಲ್ಲೇ ಅನೇಕರು ಯೇಸುವನ್ನು ಬಿಟ್ಟು ಹೋದರು. ರೋಮನ್ ಸಾಮ್ರಾಜ್ಯದಲ್ಲಿ ಕ್ರೈಸ್ತರು ನರಮಾಂಸ ತಿನ್ನುತ್ತಾರೆ ಎಂಬ ಗುಲ್ಲೇ ಹಬ್ಬಿತ್ತು. ಸುಮಾರು 112ರಲ್ಲಿ ಪ್ಲಿನಿ ಎಂಬ ರಾಜ್ಯಪಾಲ ಚಕ್ರವರ್ತಿ ಟ್ರಾಜನನಿಗೆ ಬರೆದ ಪತ್ರದಲ್ಲಿ, ಈ ಜನ ಸೇರಿ ತಿನ್ನುವುದು ಸಾಧಾರಣವಾದ, ನಿರುಪದ್ರವಿ ಆಹಾರ ಎಂದು ವಿಚಾರಣೆಯಲ್ಲಿ ತಿಳಿದುದನ್ನು ವರದಿ ಮಾಡುತ್ತಾನೆ. ಮಾಂಸವನ್ನು ಮಾಂಸವಾಗಿ ಅಗಿಯುತ್ತೇವೆ ಎಂದು ಯಾವ ಸಭೆಯೂ ಕಲಿಸುವುದಿಲ್ಲ. ಆದರೆ ತನ್ನನ್ನೇ ಕೊಡುತ್ತಿದ್ದೇನೆ ಎಂಬ ಮಾತಿನ ಮೊನೆಯನ್ನು ಮೊಂಡು ಮಾಡುವ ಹಕ್ಕೂ ನಮಗಿಲ್ಲ.

ನಾನು ಕ್ರೈಸ್ತನಲ್ಲ. ಗೆಳೆಯನ ಮದುವೆಗೆ ಹೋಗಿದ್ದಾಗ ಎಲ್ಲರೂ ಎದ್ದು ಸಾಲಾಗಿ ಮುಂದೆ ಹೋದರು. ನಾನೊಬ್ಬನೇ ಕುಳಿತಿದ್ದೆ. ತಪ್ಪಾಯಿತೇ?

ಇಲ್ಲ, ಸರಿಯಾದದ್ದನ್ನೇ ಮಾಡಿದಿರಿ. ಬಹುತೇಕ ಸಭೆಗಳು ಇದನ್ನು ದೀಕ್ಷಾಸ್ನಾನ (ಸಭೆಗೆ ಸೇರಿಸಿಕೊಳ್ಳುವ ನೀರಿನ ವಿಧಿ) ಪಡೆದವರಿಗೆ ಕೊಡುತ್ತವೆ. ಸುಮ್ಮನೆ ಕುಳಿತಿರುವುದನ್ನು ಯಾರೂ ಅಗೌರವ ಎಂದು ಎಣಿಸುವುದಿಲ್ಲ. ಪಕ್ಕದವರು ದಾಟಿ ಹೋಗಲು ಮಂಡಿ ಸ್ವಲ್ಪ ಸರಿಸಿಕೊಂಡರೆ ಸಾಕು. ಕೆಲವು ಕಡೆ ಕೈಗಳನ್ನು ಎದೆಯ ಮೇಲೆ ಅಡ್ಡವಾಗಿ ಇಟ್ಟುಕೊಂಡು ಮುಂದೆ ಹೋದರೆ ಗುರುಗಳು ಆಶೀರ್ವಾದ ಮಾತ್ರ ಕೊಡುತ್ತಾರೆ. ಅತಿಥಿಗಳು ಎಡವುವುದು ಬೇರೆ ಕಡೆ: ಸಂಕೋಚಕ್ಕೆ ಬಿದ್ದು ಸಾಲಿನಲ್ಲಿ ಹೋಗಿ, ಕೈಗೆ ಬಂದದ್ದನ್ನು ಏನು ಮಾಡುವುದೆಂದು ತಿಳಿಯದೆ ಜೇಬಿಗೆ ಹಾಕಿಕೊಳ್ಳುತ್ತಾರೆ. ಕ್ಯಾಥೋಲಿಕ್ ಚರ್ಚಿನಲ್ಲಿ ಹಾಗೆ ಮಾಡಿದರೆ ಯಾರಾದರೂ ಹಿಂದೆಯೇ ಓಡಿ ಬರುವುದು ಖಂಡಿತ. ಸಿಟ್ಟಾಗಬೇಡಿ. ಅವರ ದೃಷ್ಟಿಯಲ್ಲಿ ನಿಮ್ಮ ಜೇಬಿನಲ್ಲಿರುವುದು ತಿಂಡಿಯ ಚೂರಲ್ಲ.

## ಮೇಜು, ತಟ್ಟೆ, ಪಾತ್ರೆ

ಕೆಲವರು ವಾರವಾರ, ಕೆಲವರು ತಿಂಗಳಿಗೊಮ್ಮೆ, ಕೆಲವರು ಮೂರು ತಿಂಗಳಿಗೊಮ್ಮೆ ಮಾಡುತ್ತಾರೆ. ಯಾವುದು ಸರಿ?

ಮೊದಲಿನ ರೂಢಿ ವಾರಕ್ಕೊಮ್ಮೆ ಎನ್ನುವುದಕ್ಕೆ ಆಧಾರ ಚೆನ್ನಾಗಿದೆ. ತ್ರೋವದಲ್ಲಿ ವಾರದ ಮೊದಲ ದಿನ ರೊಟ್ಟಿ ಮುರಿಯಲು ಸೇರಿದ್ದನ್ನು ಅಪೊಸ್ತಲರ ಕೃತ್ಯಗಳು ಹೇಳುತ್ತದೆ. ಸುಮಾರು 155ರಲ್ಲಿ ರೋಮಿನಲ್ಲಿದ್ದ ಜಸ್ಟಿನ್ ಮಾರ್ಟಿರ್ ಭಾನುವಾರದ ಆರಾಧನೆಯನ್ನು ವಿವರಿಸುತ್ತಾನೆ: ಓದು, ಬೋಧನೆ, ಪ್ರಾರ್ಥನೆ, ಆಮೇಲೆ ರೊಟ್ಟಿ ಮತ್ತು ನೀರು ಬೆರೆಸಿದ ದ್ರಾಕ್ಷಾರಸ, ಬಾರದವರ ಮನೆಗೆ ಪಾಲು, ಅನಾಥರಿಗೂ ವಿಧವೆಯರಿಗೂ ಕಾಣಿಕೆ. ಇಂದಿನ ಆರಾಧನೆಯ ಅಸ್ಥಿಪಂಜರ ಅದರಲ್ಲೇ ಇದೆ.

ಮಧ್ಯಯುಗದಲ್ಲಿ ಪೂಜೆ ದಿನವೂ ನಡೆದರೂ ಜನ ಸ್ವೀಕರಿಸುವುದು ಅಪರೂಪವಾಯಿತು. ಎಷ್ಟರ ಮಟ್ಟಿಗೆ ಎಂದರೆ, ವರ್ಷಕ್ಕೊಮ್ಮೆ, ಈಸ್ಟರ್ ಹೊತ್ತಿಗಾದರೂ ಸ್ವೀಕರಿಸಲೇಬೇಕು ಎಂದು 1215ರ ನಾಲ್ಕನೇ ಲ್ಯಾಟರನ್ ಮಹಾಸಭೆ ಕಟ್ಟುಮಾಡಬೇಕಾಯಿತು. ಹದಿನಾರನೇ ಶತಮಾನದ ಪ್ರೊಟೆಸ್ಟಂಟ್ ಸುಧಾರಕ ಕ್ಯಾಲ್ವಿನ್ ವಾರಕ್ಕೊಮ್ಮೆ ನಡೆಸಬೇಕೆಂದು ಹಟ ಹಿಡಿದರೂ ಜಿನೀವಾದ ನಗರಸಭೆ ಒಪ್ಪಿದ್ದು ವರ್ಷಕ್ಕೆ ನಾಲ್ಕು ಸಲಕ್ಕೆ. ಅನೇಕ ಪ್ರೆಸ್ಬಿಟೇರಿಯನ್ ಸಭೆಗಳಲ್ಲಿ ಮೂರು ತಿಂಗಳಿಗೊಮ್ಮೆ ಎಂಬ ರೂಢಿ ಬೇರುಬಿಟ್ಟಿತು; ‘ಇದೇ ನಮ್ಮ ಸಂಪ್ರದಾಯ’ ಎನ್ನುವವರು ಆ ಸಂಪ್ರದಾಯದ ಹಿರಿಯನೇ ಇದನ್ನು ಬಯಸಿರಲಿಲ್ಲ ಎಂಬುದನ್ನು ಮರೆಯುತ್ತಾರೆ. ಕ್ಯಾಥೋಲಿಕ್ ಸಭೆಯಲ್ಲಿ ಪೋಪ್ ಹತ್ತನೇ ಪಯಸ್ 1905ರಲ್ಲಿ ದಿನವೂ ಸ್ವೀಕರಿಸಲು ಪ್ರೋತ್ಸಾಹ ಕೊಟ್ಟರು. ಬ್ರದರನ್ ಸಭೆಗಳು ವಾರವಾರ ನಡೆಸುತ್ತವೆ.

ಪದೇ ಪದೇ ಮಾಡಿದರೆ ಬೆಲೆ ಕಡಿಮೆಯಾಗುತ್ತದೆ ಎಂಬ ವಾದ ನನಗೆ ಹಿಡಿಸುವುದಿಲ್ಲ. ಪ್ರಾರ್ಥನೆಯ ಬಗ್ಗೆ ಆ ವಾದವನ್ನು ಯಾರೂ ಹೂಡುವುದಿಲ್ಲ.

ರೊಟ್ಟಿಗೆ ಹುಳಿ ಸೇರಿರಬೇಕೋ ಬೇಡವೋ?

ಪಸ್ಕದಲ್ಲಿ ಹುಳಿಯಿಲ್ಲದ ರೊಟ್ಟಿಯೇ ಇದ್ದದ್ದು ಎಂಬುದು ಪಶ್ಚಿಮದ ವಾದ. ಕ್ಯಾಥೋಲಿಕ್ ಸಭೆಯ ತೆಳು, ದುಂಡು ಬಿಲ್ಲೆ ಅದರಿಂದ ಬಂದದ್ದು. ಹುಳಿ ಉಬ್ಬಿಸುತ್ತದೆ, ಅದು ಎದ್ದ ಕ್ರಿಸ್ತನ ಜೀವದ ಗುರುತು ಎಂಬುದು ಗ್ರೀಕ್ ಆರ್ಥೊಡಾಕ್ಸ್ ಪರಂಪರೆಯ ವಾದ. ಅವರದು ಉಬ್ಬಿದ ರೊಟ್ಟಿ. 1054ರಲ್ಲಿ ರೋಮ್ ಮತ್ತು ಕಾನ್‌ಸ್ಟಾಂಟಿನೋಪಲ್ ಮುನಿಸಿಕೊಂಡಾಗ ಜಗಳದ ಪಟ್ಟಿಯಲ್ಲಿ ಇದೂ ಇತ್ತು. ಹೊಸ ಒಡಂಬಡಿಕೆ ಈ ವಿಷಯದಲ್ಲಿ ಆಜ್ಞೆ ಕೊಡುವುದಿಲ್ಲ. ನನ್ನ ಕೋರಿಕೆ ಒಂದೇ, ಅದು ಮುರಿಯುವಂತಿರಲಿ. ಮುಂಚೆಯೇ ಸಮಚೌಕವಾಗಿ ಕತ್ತರಿಸಿಟ್ಟರೆ ಸಭೆ ನೋಡಬೇಕಾದ ಕ್ರಿಯೆಯೇ ಅಡುಗೆಮನೆಯಲ್ಲಿ ಮುಗಿದುಹೋಗುತ್ತದೆ. ಕತ್ತರಿಸುವವನು ನಾನೇ ಆದ್ದರಿಂದ ಈ ತಪ್ಪು ನನ್ನದೂ ಹೌದು. ಈಗ ಒಂದು ರೊಟ್ಟಿಯನ್ನಾದರೂ ಇಡಿಯಾಗಿ ಬಿಡುತ್ತೇನೆ. ಸಭಾಪಾಲಕರು ಅದನ್ನು ಎತ್ತಿ ಮುರಿದಾಗ ಹಿಂದಿನ ಸಾಲಿನವರೆಗೂ ಸದ್ದು ಕೇಳುತ್ತದೆ.

ನಿಜವಾದ ದ್ರಾಕ್ಷಾರಸ ಬೇಡವೇ? ಹಣ್ಣಿನ ರಸ ಕೊಡುವ ಪದ್ಧತಿ ಎಲ್ಲಿಂದ ಬಂತು?

1869ರಿಂದ. ಅಮೆರಿಕದ ನ್ಯೂಜೆರ್ಸಿಯ ವೈನ್‌ಲ್ಯಾಂಡ್‌ನಲ್ಲಿ ಥಾಮಸ್ ಬ್ರಾಮ್‌ವೆಲ್ ವೆಲ್ಚ್ ಎಂಬ ದಂತವೈದ್ಯ ಇದ್ದ. ನನ್ನಂತೆಯೇ ಚರ್ಚಿನಲ್ಲಿ ಮೇಜು ಸಿದ್ಧಪಡಿಸುವ ಹೊಣೆ ಹೊತ್ತವನು, ಮದ್ಯಪಾನದ ಕಟ್ಟಾ ವಿರೋಧಿಯಾದ ಮೆಥೊಡಿಸ್ಟ್. ಹಿಂಡಿದ ದ್ರಾಕ್ಷಿ ರಸ ಹಾಗೇ ಬಿಟ್ಟರೆ ತಾನಾಗಿಯೇ ಹುದುಗಿ ಮದ್ಯವಾಗುತ್ತದೆ. ಪಾಶ್ಚರ್ ತೋರಿಸಿಕೊಟ್ಟ ವಿಧಾನದಿಂದ ರಸವನ್ನು ಬಿಸಿಮಾಡಿ, ಹುದುಗದಂತೆ ಸೀಸೆಯಲ್ಲಿ ಮುಚ್ಚಿಟ್ಟ. ಅದಕ್ಕಿಂತ ಮುಂಚಿನ ಹದಿನೆಂಟು ಶತಮಾನ ಎಲ್ಲೆಡೆ ಸಾಮಾನ್ಯವಾಗಿ ಬಳಕೆಯಲ್ಲಿದ್ದುದು ಹುದುಗಿದ ರಸವೇ. ಕ್ಯಾಥೋಲಿಕ್, ಆರ್ಥೊಡಾಕ್ಸ್ ಸಭೆಗಳು ಅದನ್ನೇ ಮುಂದುವರಿಸಿವೆ. ಮೆಥೊಡಿಸ್ಟ್, ಬ್ಯಾಪ್ಟಿಸ್ಟ್ ಮತ್ತು ಪೆಂತೆಕೊಸ್ತ ಸಭೆಗಳಲ್ಲಿ ಹೆಚ್ಚಾಗಿ ಹಣ್ಣಿನ ರಸ.

ನಾನು ಕುಡಿತ ಬಿಟ್ಟು ಮೂರು ವರ್ಷವಾಯಿತು. ಪಾತ್ರೆಯ ವಾಸನೆಯೇ ಭಯ ಹುಟ್ಟಿಸುತ್ತದೆ. ಏನು ಮಾಡಲಿ?

ರೊಟ್ಟಿಯನ್ನಷ್ಟೇ ತೆಗೆದುಕೊಳ್ಳಿ. ಯಾವುದೂ ಅರ್ಧವಾಗುವುದಿಲ್ಲ. ಒಂದರಲ್ಲೇ ಕ್ರಿಸ್ತನು ಪೂರ್ಣವಾಗಿ ದೊರೆಯುತ್ತಾನೆ ಎಂದು ಕ್ಯಾಥೋಲಿಕ್ ಸಭೆ ಕಲಿಸುತ್ತದೆ. ಪ್ರೊಟೆಸ್ಟಂಟರಲ್ಲೂ ಇದಕ್ಕೆ ತಕರಾರು ತೆಗೆಯುವವರನ್ನು ನಾನು ಕಂಡಿಲ್ಲ. ಹಾಗೆಯೇ ಗೋಧಿ ಒಗ್ಗದವರು ಪಾತ್ರೆಯನ್ನಷ್ಟೇ ತೆಗೆದುಕೊಳ್ಳಬಹುದು. ಕ್ಯಾಥೋಲಿಕ್ ನಿಯಮದಲ್ಲಿ ಪ್ರಸಾದ ಗೋಧಿಯದ್ದೇ ಆಗಿರಬೇಕು, ಗ್ಲುಟನ್ ಅತಿ ಕಡಿಮೆ ಇರುವ ಬಿಲ್ಲೆಗೆ ಅನುಮತಿ ಇದೆ. ಅನೇಕ ಪ್ರೊಟೆಸ್ಟಂಟ್ ಸಭೆಗಳು ಬೇರೆ ಧಾನ್ಯದ ರೊಟ್ಟಿಯನ್ನೂ ಇಡುತ್ತವೆ. ಮೇಜು ಸಿದ್ಧಪಡಿಸುವವರಿಗೆ ಒಂದು ಮಾತು ಮುಂಚೆ ತಿಳಿಸಿ. ಬೇರೆ ತಟ್ಟೆ ಇಡುವುದು ನಮಗೆ ಎರಡು ನಿಮಿಷದ ಕೆಲಸ.

ಎಲ್ಲರೂ ಒಂದೇ ಪಾತ್ರೆಯಿಂದ ಕುಡಿದರೆ ರೋಗ ಹರಡುವುದಿಲ್ಲವೇ?

ಈ ಭಯ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ರೋಗಾಣುಗಳ ವಿಷಯ ಜನಕ್ಕೆ ತಿಳಿದಾಗ ಹುಟ್ಟಿತು. ಚಿಕ್ಕ ಚಿಕ್ಕ ಬಟ್ಟಲುಗಳ ತಟ್ಟೆ ಬಂದದ್ದೂ ಆಗಲೇ. ಒಂದೇ ಪಾತ್ರೆ ಬಳಸುವಲ್ಲಿ ಪ್ರತಿಯೊಬ್ಬರ ನಂತರ ಅಂಚನ್ನು ಬಟ್ಟೆಯಿಂದ ಒರೆಸಿ, ಪಾತ್ರೆಯನ್ನು ತಿರುಗಿಸುತ್ತಾರೆ. ಅಪಾಯ ಕಡಿಮೆಯಾಗುತ್ತದೆ, ಸೊನ್ನೆಯಾಗುವುದಿಲ್ಲ. ಜ್ವರ, ಕೆಮ್ಮು ಇದ್ದ ದಿನ ಪಾತ್ರೆಗೆ ತುಟಿ ಹಚ್ಚದಿರುವುದೇ ಪಕ್ಕದವರಿಗೆ ಮಾಡುವ ಉಪಕಾರ. ನಮ್ಮಲ್ಲಿ ಚಿಕ್ಕ ಬಟ್ಟಲುಗಳಿವೆ. ಎಲ್ಲರೂ ಕುಡಿದು ಮುಂದಿನ ಬೆಂಚಿನ ಹಲಗೆಯ ಮೇಲೆ ಅವನ್ನಿಡುವಾಗ ಟಿಕ್ ಟಿಕ್ ಎಂದು ಆಲಿಕಲ್ಲು ಬಿದ್ದಂತೆ ಸದ್ದಾಗುತ್ತದೆ. ಸ್ವಚ್ಛ, ಅನುಕೂಲ. ಆದರೂ ‘ನೀವೆಲ್ಲರೂ ಇದರಿಂದ ಕುಡಿಯಿರಿ’ ಎಂಬ ವಾಕ್ಯ ಓದುವಾಗ ‘ಇದರಿಂದ’ ಎಂಬಲ್ಲಿ ನನಗೆ ಪ್ರತಿಸಲವೂ ಸ್ವಲ್ಪ ಇರಿಸುಮುರಿಸು.

ನನ್ನ ಮಗಳಿಗೆ ಆರು ವರ್ಷ. ‘ನನಗೇಕೆ ಇಲ್ಲ?’ ಎಂದು ಕೇಳುತ್ತಾಳೆ. ಏನು ಹೇಳಲಿ?

ಯಾವ ಸಭೆಯವಳು ಎಂಬುದರ ಮೇಲೆ ಉತ್ತರ ನಿಂತಿದೆ. ಆರ್ಥೊಡಾಕ್ಸ್ ಸಭೆಯಲ್ಲಿ ದೀಕ್ಷಾಸ್ನಾನವಾದ ಹಸುಗೂಸಿಗೂ ಚಮಚದಲ್ಲಿ ಕೊಡುತ್ತಾರೆ. ಕ್ಯಾಥೋಲಿಕ್ ಸಭೆಯಲ್ಲಿ 1910ರಿಂದ ಸುಮಾರು ಏಳು ವರ್ಷಕ್ಕೆ, ಇದು ಸಾಮಾನ್ಯ ರೊಟ್ಟಿಯಲ್ಲ ಎಂದು ಮಗು ತಿಳಿಯುವ ವಯಸ್ಸಿಗೆ. ಆಂಗ್ಲಿಕನ್, ಲೂಥರನ್ ಮೊದಲಾದ ಸಭೆಗಳಲ್ಲಿ ಬಹುಕಾಲ ದೃಢೀಕರಣದ (ಬೆಳೆದ ಮೇಲೆ ತನ್ನ ನಂಬಿಕೆಯನ್ನು ಸಭೆಯ ಮುಂದೆ ತಾನೇ ಒಪ್ಪಿಕೊಳ್ಳುವ ವಿಧಿಯ) ನಂತರ ಎಂಬ ನಿಯಮವಿತ್ತು, ಈಚೆಗೆ ಹಲವೆಡೆ ಸಡಿಲವಾಗಿದೆ. ಬ್ಯಾಪ್ಟಿಸ್ಟರಲ್ಲಿ ಸಾಮಾನ್ಯವಾಗಿ ತಾನೇ ನಂಬಿ ದೀಕ್ಷಾಸ್ನಾನ ಪಡೆದ ಮೇಲೆ.

ಆದರೆ ನಿಮ್ಮ ಮಗಳ ಪ್ರಶ್ನೆಯನ್ನು ‘ಆಮೇಲೆ, ಆಮೇಲೆ’ ಎಂದು ತಳ್ಳಿಹಾಕಬೇಡಿ. ಪಸ್ಕದ ಊಟವೇ ಮಕ್ಕಳ ಪ್ರಶ್ನೆಯಿಂದ ಆರಂಭವಾಗುವಂಥದ್ದು: ‘ಈ ಆಚರಣೆಯ ಅರ್ಥವೇನು’ ಎಂದು ಮಕ್ಕಳು ಕೇಳಿದಾಗ ಹೀಗೆ ಹೇಳಿರಿ ಎಂದು ವಿಮೋಚನಕಾಂಡ 12ರಲ್ಲಿದೆ. ಆ ಉತ್ತರವನ್ನು ಹೊಂದಿಸಿಕೊಳ್ಳಲು ಕುಳಿತರೆ ನಮಗೇ ಎಷ್ಟು ತಿಳಿದಿಲ್ಲ ಎಂಬುದು ತಿಳಿಯುತ್ತದೆ.

ಕೈಯಲ್ಲಿ ತೆಗೆದುಕೊಳ್ಳಬೇಕೋ, ನಾಲಿಗೆಯ ಮೇಲೋ?

ಎರಡೂ ಹಳೆಯವು. ನಾಲ್ಕನೇ ಶತಮಾನದ ಯೆರೂಸಲೇಮಿನಲ್ಲಿ ಹೊಸದಾಗಿ ದೀಕ್ಷಾಸ್ನಾನ ಪಡೆದವರಿಗೆ ಕೊಡುತ್ತಿದ್ದ ಬೋಧನೆಯೊಂದು ಬಿಷಪ್ ಸಿರಿಲ್ ಹೆಸರಿನಲ್ಲಿ ಉಳಿದುಬಂದಿದೆ: ರಾಜನನ್ನು ಬರಮಾಡಿಕೊಳ್ಳುವ ಬಲಗೈಗೆ ಎಡಗೈಯನ್ನು ಸಿಂಹಾಸನ ಮಾಡು, ಅಂಗೈ ಬೊಗಸೆಯಾಗಿರಲಿ, ಒಂದು ಕಣವೂ ಉದುರದಿರಲಿ, ಯಾರಾದರೂ ನಿನಗೆ ಬಂಗಾರದ ಪುಡಿ ಕೊಟ್ಟಿದ್ದರೆ ಎಷ್ಟು ಜೋಪಾನ ಮಾಡುತ್ತಿದ್ದೆ? ಪಶ್ಚಿಮದಲ್ಲಿ ನಾಲಿಗೆಯ ಮೇಲಿಡುವ ಪದ್ಧತಿ ಮಧ್ಯಯುಗದಲ್ಲಿ ಬಲವಾಯಿತು. ಇಂದು ಕ್ಯಾಥೋಲಿಕ್ ಸಭೆಯಲ್ಲಿ ಬಹಳ ಕಡೆ ಎರಡಕ್ಕೂ ಅವಕಾಶವಿದೆ.

ಉಳಿದ ರೊಟ್ಟಿಯನ್ನು ಏನು ಮಾಡುತ್ತೀರಿ? ಕೆಳಗೆ ಬಿದ್ದರೆ?

ಕ್ಯಾಥೋಲಿಕ್ ಸಭೆಯಲ್ಲಿ ಉಳಿದ ಪ್ರಸಾದವನ್ನು ರೋಗಿಗಳಿಗಾಗಿ ಮತ್ತು ಆರಾಧನೆಗಾಗಿ ಪೀಠದ ಪೆಟ್ಟಿಗೆಯಲ್ಲಿ ಇಡುತ್ತಾರೆ. ಪಕ್ಕದಲ್ಲಿ ಸದಾ ಉರಿಯುವ ದೀಪ ಅದರ ಗುರುತು. ಉಳಿದ ದ್ರಾಕ್ಷಾರಸವನ್ನು ಅಲ್ಲೇ ಕುಡಿದು ಮುಗಿಸಬೇಕು. ಪ್ರತಿಷ್ಠಿತವಾದದ್ದು ಉಳಿದರೆ ಭಕ್ತಿಯಿಂದ ತಿಂದು ಕುಡಿದು ಮುಗಿಸಬೇಕೆಂದು ಆಂಗ್ಲಿಕನ್ ಸಭೆಯ 1662ರ ಪ್ರಾರ್ಥನಾ ಪುಸ್ತಕವೂ ಹೇಳುತ್ತದೆ. ಬಳಕೆ ಮುಗಿದ ಮೇಲೆ ಅದು ರೊಟ್ಟಿಯೇ ಎನ್ನುವ ಸಭೆಗಳೂ ಇವೆ. ನಾವು ಕಸಕ್ಕೆ ಹಾಕುವುದಿಲ್ಲ; ಪಾತ್ರೆ ತೊಳೆಯುವವರೇ ನಿಂತಲ್ಲೇ ತಿಂದು ಮುಗಿಸುತ್ತೇವೆ. ಒಮ್ಮೆ ತಟ್ಟೆ ಕೈಜಾರಿ ಅರ್ಧ ರೊಟ್ಟಿ ನೆಲದ ಪಾಲಾಯಿತು. ನಾನು ಬೆವರುತ್ತಾ ನಿಂತಿರುವಾಗ ಮುಂದಿನ ಸಾಲಿನ ಮುದುಕರೊಬ್ಬರು ಮಂಡಿಯೂರಿ ಒಂದೊಂದೇ ಚೂರು ಆರಿಸಿ ತಮ್ಮ ಕರವಸ್ತ್ರಕ್ಕೆ ಹಾಕಿಕೊಂಡರು. ಅವರು ಏನೂ ಹೇಳಲಿಲ್ಲ, ನನ್ನನ್ನು ನೋಡಲೂ ಇಲ್ಲ.

ಏನೂ ತಿನ್ನದೆ ಬರಬೇಕೇ?

ಕ್ಯಾಥೋಲಿಕ್ ನಿಯಮದಂತೆ ಸ್ವೀಕರಿಸುವ ಒಂದು ಗಂಟೆ ಮುಂಚಿನಿಂದ ನೀರು ಮತ್ತು ಔಷಧ ಬಿಟ್ಟು ಬೇರೇನೂ ಇಲ್ಲ. ಆರ್ಥೊಡಾಕ್ಸರಲ್ಲಿ ಸಾಮಾನ್ಯವಾಗಿ ಮಧ್ಯರಾತ್ರಿಯಿಂದ ಉಪವಾಸ. ಬಹುತೇಕ ಪ್ರೊಟೆಸ್ಟಂಟ್ ಸಭೆಗಳಲ್ಲಿ ನಿಯಮವಿಲ್ಲ.

## ಮನಸ್ಸನ್ನು ಕಾಡುವಂಥವು

‘ಅಯೋಗ್ಯನಾಗಿ ತಿಂದರೆ ನ್ಯಾಯತೀರ್ಪನ್ನು ತಿನ್ನುತ್ತಾನೆ’ ಎಂದು ಓದಿದಾಗಿನಿಂದ ಭಯ. ಈ ವಾರ ತಪ್ಪು ಮಾಡಿದ್ದೇನೆ, ಬಿಟ್ಟುಬಿಡಲೇ?

ನನ್ನ ಬಳಿಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಕೊರಿಂಥದಲ್ಲಿ ಆಗಿದ್ದೇನು ಎಂದು ಮೊದಲು ನೋಡಿ.

ಸಭೆ ಸೇರುತ್ತಿದ್ದದ್ದು ಮನೆಗಳಲ್ಲಿ. ಉಳ್ಳವರು ತಮ್ಮ ಬುತ್ತಿಯನ್ನು ತಾವು ಮೊದಲೇ ತಿಂದು ಮುಗಿಸುತ್ತಿದ್ದರು. ಇಲ್ಲದವರಿಗೆ ಏನೂ ಉಳಿಯುತ್ತಿರಲಿಲ್ಲ. ಒಬ್ಬನು ಹಸಿದಿರುತ್ತಾನೆ, ಇನ್ನೊಬ್ಬನು ಅಮಲೇರಿರುತ್ತಾನೆ ಎಂದು ಪೌಲ ಬರೆಯುತ್ತಾನೆ. ಇಲ್ಲದವರನ್ನು ನಾಚಿಕೆಪಡಿಸುತ್ತೀರಾ ಎಂದು ಗದರುತ್ತಾನೆ, ನೀವು ತಿನ್ನುತ್ತಿರುವುದು ಕರ್ತನ ಭೋಜನವೇ ಅಲ್ಲ ಎನ್ನುತ್ತಾನೆ. ‘ಅಯೋಗ್ಯ’ ಎಂಬ ಮಾತು ಬರುವುದು ಈ ಬೈಗುಳದ ಮಧ್ಯೆ. ಮೂಲ ಗ್ರೀಕಿನಲ್ಲಿ ಅದು ತಿನ್ನುವವನಿಗೆ ಹಚ್ಚಿದ ವಿಶೇಷಣವಲ್ಲ, ತಿನ್ನುವ ರೀತಿಯನ್ನು ಹೇಳುವ ಕ್ರಿಯಾವಿಶೇಷಣ. ‘ಅಯೋಗ್ಯನಾಗಿ’ ಎನ್ನುವುದಕ್ಕಿಂತ ‘ಅಯೋಗ್ಯ ರೀತಿಯಲ್ಲಿ’ ಎಂದು ಓದಿಕೊಳ್ಳಿ. ಯೋಗ್ಯರಷ್ಟೇ ಬರಬೇಕು ಎಂದಿದ್ದರೆ ನಾನು ಇಪ್ಪತ್ತು ವರ್ಷ ಖಾಲಿ ಸಭಾಂಗಣಕ್ಕೆ ಮೇಜು ಹಾಸುತ್ತಿದ್ದೆ, ಹಾಸುವವನೂ ಇರುತ್ತಿರಲಿಲ್ಲ.

ಪೌಲ ಸೂಚಿಸುವ ಪರಿಹಾರ ಎರಡು: ಪ್ರತಿಯೊಬ್ಬನು ತನ್ನನ್ನು ಪರೀಕ್ಷಿಸಿಕೊಂಡು ‘ತಿನ್ನಲಿ’, ಮತ್ತು ಒಬ್ಬರಿಗೊಬ್ಬರು ಕಾಯಿರಿ. ಪರೀಕ್ಷಿಸಿಕೊಂಡು ಮನೆಯಲ್ಲಿ ಕೂರಲಿ ಎಂದು ಬರೆದಿಲ್ಲ. ಮುಂದಿನ ತಲೆಮಾರುಗಳು ಮೊದಲನೆಯದನ್ನು ಹಿಡಿದು ಎರಡನೆಯದನ್ನು ಕೈಬಿಟ್ಟವು. ಸ್ಕಾಟ್ಲೆಂಡಿನ ಪ್ರೆಸ್ಬಿಟೇರಿಯನ್ ಸಭೆಗಳಲ್ಲಿ ಹಿರಿಯರು ಸದಸ್ಯರನ್ನು ಪರಿಶೀಲಿಸಿ, ಒಪ್ಪಿಗೆಯಾದವರಿಗೆ ಸೀಸದ ಚಿಕ್ಕ ಬಿಲ್ಲೆ ಕೊಡುತ್ತಿದ್ದರು. ಬಿಲ್ಲೆ ತೋರಿಸದವರಿಗೆ ಮೇಜಿನಲ್ಲಿ ಜಾಗವಿಲ್ಲ. ಆ ಬಿಲ್ಲೆಗಳು ಈಗ ವಸ್ತುಸಂಗ್ರಹಾಲಯದಲ್ಲಿವೆ, ಆದರೆ ಬಹಳ ಜನ ಮನಸ್ಸಿನಲ್ಲೇ ಒಂದನ್ನು ಇಟ್ಟುಕೊಂಡು ತಮಗೆ ತಾವೇ ಕೊಡದೆ ಸತಾಯಿಸುತ್ತಾರೆ.

ಗಂಭೀರ ಪಾಪವಿದ್ದರೆ ಮೊದಲು ಪಾಪನಿವೇದನೆ ಮಾಡಿ ಬರಬೇಕೆಂದು ಕ್ಯಾಥೋಲಿಕ್ ಸಭೆ ಕಲಿಸುತ್ತದೆ. ನೀವು ಆ ಸಭೆಯವರಾದರೆ ಗುರುಗಳನ್ನು ಕಾಣಿ. ಪ್ರೊಟೆಸ್ಟಂಟ್ ಆರಾಧನೆಗಳಲ್ಲಿ ಭೋಜನಕ್ಕೆ ಮುಂಚೆ ಎಲ್ಲರೂ ಸೇರಿ ಮಾಡುವ ಪಾಪದ ಅರಿಕೆ ಇರುತ್ತದಲ್ಲ, ಅದು ಇರುವುದು ಇದಕ್ಕಾಗಿಯೇ.

ಸಭೆಯಲ್ಲಿ ಒಬ್ಬರ ಜೊತೆ ಮಾತು ಬಿಟ್ಟಿದ್ದೇನೆ. ಅವರೂ ಬಂದಿರುತ್ತಾರೆ. ಒಟ್ಟಿಗೆ ತೆಗೆದುಕೊಂಡರೆ ನಾಟಕವಾಗುವುದಿಲ್ಲವೇ?

ಆಗುತ್ತದೆ. ಕಾಣಿಕೆಯನ್ನು ಪೀಠದ ಬಳಿಯೇ ಬಿಟ್ಟು, ಮೊದಲು ಹೋಗಿ ಸಹೋದರನ ಸಂಗಡ ಒಂದಾಗು ಎಂದು ಮತ್ತಾಯ 5ರಲ್ಲಿದೆ. ಇಬ್ಬರ ನಡುವಿನದು ಆಸ್ತಿಯ ವ್ಯಾಜ್ಯವೋ, ಗಾಯನವೃಂದದಲ್ಲಿ ಹುಟ್ಟಿದ ಮುನಿಸೋ ನನಗೆ ತಿಳಿಯದು. ಒಂದು ಬೆಳಿಗ್ಗೆಯಲ್ಲಿ ಬಗೆಹರಿಯದೆಯೂ ಇರಬಹುದು. ಮೊದಲ ಹೆಜ್ಜೆ ಇಟ್ಟು ಬನ್ನಿ. ರೊಟ್ಟಿ ಒಂದೇ ಆದದ್ದರಿಂದ ಅನೇಕರಾದ ನಾವು ಒಂದೇ ದೇಹ ಎಂದು ಪೌಲ ಬರೆದದ್ದು ಒಬ್ಬರಿಗೊಬ್ಬರು ಪ್ರಿಯರಾದವರಿಗಲ್ಲ, ಪಂಗಡಗಳಾಗಿ ಒಡೆದ ಸಭೆಗೆ. ಆದರೆ ಅವರು ನಿಮ್ಮ ಮೇಲೆ ಕೈ ಮಾಡಿದವರು, ನಿಮಗೆ ಕೇಡು ಮಾಡಿದವರು ಎಂದಾದರೆ ಈ ಉತ್ತರ ನಿಮಗಲ್ಲ. ಹಾಗಿದ್ದರೆ ಹೆಜ್ಜೆ ಇಡಬೇಕಾದವರು ನೀವಲ್ಲ, ನಿಮ್ಮನ್ನು ಕಾಪಾಡಬೇಕಾದದ್ದು ಸಭೆ.

ನಿಜ ಹೇಳಲೇ? ನನಗೆ ಏನೂ ಅನ್ನಿಸುವುದಿಲ್ಲ.

ನನಗೂ ಬಹಳ ಭಾನುವಾರ ಅನ್ನಿಸುವುದಿಲ್ಲ. ಬಟ್ಟಲು ಸಾಲುತ್ತದೆಯೋ ಇಲ್ಲವೋ ಎಂಬ ಲೆಕ್ಕದಲ್ಲೇ ಮನಸ್ಸಿರುತ್ತದೆ. ಯೇಸು ‘ಹೀಗೆ ಮಾಡಿರಿ’ ಎಂದರೇ ಹೊರತು ಹೀಗೆ ಅನುಭವಿಸಿರಿ ಎನ್ನಲಿಲ್ಲ. ಊಟ ಮೈಗೆ ಹತ್ತುವುದು ರುಚಿ ನೆನಪಿರುವ ದಿನಗಳಲ್ಲಿ ಮಾತ್ರವಲ್ಲ.

ಹಾಸಿಗೆ ಹಿಡಿದ ತಾಯಿಗೆ ಮನೆಯಲ್ಲೇ ಕೊಡಬಹುದೇ? ಅವರಿಗೆ ಈಗ ನೆನಪೇ ನಿಲ್ಲುವುದಿಲ್ಲ.

ಕೊಡಬಹುದು, ಕೊಡಬೇಕು. ಬಾರದವರ ಪಾಲನ್ನು ಮನೆಗೆ ಒಯ್ಯುವುದು ಎರಡನೇ ಶತಮಾನದಿಂದಲೂ ನಡೆದುಬಂದದ್ದು. ನಿಮ್ಮ ಸಭಾಪಾಲಕರಿಗೆ ಅಥವಾ ಗುರುಗಳಿಗೆ ತಿಳಿಸಿ. ನುಂಗುವುದು ಕಷ್ಟವಾದರೆ ಚೂರನ್ನು ರಸದಲ್ಲಿ ನೆನೆಸಿ ಕೊಡುತ್ತಾರೆ. ನೆನಪಿನ ಚಿಂತೆ ಬಿಡಿ: ನೆನಪಿಸಿಕೊಳ್ಳುವ ಕೆಲಸವನ್ನು ಸಭೆ ಅವರ ಪರವಾಗಿಯೂ ಮಾಡುತ್ತದೆ. ಇಂಥ ಒಂದು ಮನೆಗೆ ನಾನು ಸಭಾಪಾಲಕರ ಜೊತೆ ತಟ್ಟೆ ಹಿಡಿದು ಹೋಗುತ್ತಿದ್ದೆ. ಆ ಅಮ್ಮನಿಗೆ ನಾವು ಯಾರೆಂದು ತಿಳಿಯುತ್ತಿರಲಿಲ್ಲ, ಒಮ್ಮೆ ನನ್ನನ್ನು ಗ್ಯಾಸ್ ತಂದವನೆಂದು ಬೈದರು. ಕರ್ತನ ಪ್ರಾರ್ಥನೆ ಆರಂಭವಾದೊಡನೆ ಮಾತ್ರ ನಮಗಿಂತ ಅರ್ಧ ಪದ ಮುಂದಿರುತ್ತಿದ್ದರು.

ಮನೆಯಲ್ಲಿ ಮೊಬೈಲ್ ಮುಂದೆ ಕುಳಿತು, ನಾನೇ ರೊಟ್ಟಿ ಇಟ್ಟುಕೊಂಡು ತೆಗೆದುಕೊಳ್ಳಬಹುದೇ?

2020ರಲ್ಲಿ ಚರ್ಚುಗಳು ಮುಚ್ಚಿದಾಗ ಎಲ್ಲ ಸಭೆಗಳಿಗೂ ಈ ಪ್ರಶ್ನೆ ಒಮ್ಮೆಲೇ ಎದುರಾಯಿತು. ಕ್ಯಾಥೋಲಿಕ್ ಸಭೆ ಆಗುವುದಿಲ್ಲ ಎಂದಿತು. ಪೂಜೆಯನ್ನು ನೋಡುತ್ತಾ ಮನಸ್ಸಿನಲ್ಲೇ ಸ್ವೀಕರಿಸುವ ಹಳೆಯ ಪ್ರಾರ್ಥನೆಯನ್ನು ನೆನಪಿಸಿತು. ಅನೇಕ ಪ್ರೊಟೆಸ್ಟಂಟ್ ಸಭೆಗಳು ಆಪತ್ಕಾಲದ ಮಾತೆಂದು ಒಪ್ಪಿದವು, ಕೆಲವು ಕಾಯೋಣ ಎಂದವು. ನಾನೂ ಮನೆಯಲ್ಲಿ ತೆಗೆದುಕೊಂಡೆ, ಅದನ್ನು ಸುಳ್ಳು ಎನ್ನಲಾರೆ. ಆದರೆ ನನ್ನ ರೊಟ್ಟಿಯನ್ನು ನಾನೇ ಮುರಿದು ನನಗೆ ನಾನೇ ಕೊಟ್ಟುಕೊಂಡಾಗ ಆ ನಾಲ್ಕು ಕ್ರಿಯೆಗಳಲ್ಲಿ ಕೊನೆಯದು ಎಲ್ಲೋ ಬಿಟ್ಟುಹೋಗಿತ್ತು. ಇದನ್ನು ಯಾರಾದರೂ ನಮ್ಮ ಕೈಗೆ ಕೊಡಬೇಕು. ಓಡಾಡಲು ಆಗುವವರು ಸೋಮಾರಿತನಕ್ಕೆ ಮೊಬೈಲ್ ಹಿಡಿಯುವುದನ್ನು ನಾನು ಒಪ್ಪುವುದಿಲ್ಲ.

ಚಂದ್ರನ ಮೇಲೂ ಪ್ರಭು ಭೋಜನ ನಡೆದಿತ್ತಂತೆ. ಕಟ್ಟುಕತೆಯೇ?

ನಿಜ. 1969ರ ಜುಲೈ 20ರಂದು, ಚಂದ್ರನ ನೆಲಕ್ಕೆ ಕಾಲಿಡುವ ಮುನ್ನ, ನೌಕೆಯೊಳಗೇ ಬಜ್ ಆಲ್ಡ್ರಿನ್ ರೊಟ್ಟಿ ಮತ್ತು ದ್ರಾಕ್ಷಾರಸ ತೆಗೆದುಕೊಂಡರು. ಅವರು ಪ್ರೆಸ್ಬಿಟೇರಿಯನ್ ಸಭೆಯ ಹಿರಿಯರಾಗಿದ್ದರು. ಗುರುತ್ವ ಆರನೇ ಒಂದು ಭಾಗವಾದ್ದರಿಂದ ರಸ ಬಟ್ಟಲಿನ ಒಳಗೋಡೆಯನ್ನು ಹತ್ತಿ ನಿಧಾನವಾಗಿ ಸುರುಳಿಯಾಯಿತು ಎಂದು ಮುಂದೆ ಬರೆದರು. ಪ್ರಸಾರ ಮಾಡಲಿಲ್ಲ, ಅಪೊಲೊ 8ರ ಯಾತ್ರಿಗಳು ಬೈಬಲ್ ಓದಿದ್ದಕ್ಕೆ ನಾಸಾ ಅದಾಗಲೇ ಮೊಕದ್ದಮೆ ಎದುರಿಸುತ್ತಿತ್ತು. ನನಗೆ ಹಿಡಿಸುವ ವಿವರ ಬೇರೆ: ಒಂಟಿಯಾಗಿ ಮಾಡಬಾರದೆಂದು ಅವರು ಅದನ್ನು ತಮ್ಮ ಸಭೆಯ ಆರಾಧನೆಯ ಭಾಗವಾಗಿಯೇ, ಸಭೆಯಿಂದ ಪಡೆದುಕೊಂಡೇ ಹೊರಟಿದ್ದರು.

## ಇನ್ನಷ್ಟು ಆಳಕ್ಕೆ

ಕೊನೆಗೂ ಅದು ರೊಟ್ಟಿಯೋ, ದೇಹವೋ?

ಸಭೆಗಳು ಒಡೆದದ್ದು ಈ ಪ್ರಶ್ನೆಯ ಮೇಲೆ, ಆದ್ದರಿಂದ ಒಂದೊಂದಾಗಿ ನೋಡೋಣ.

ಕ್ಯಾಥೋಲಿಕ್ ನಿಲುವಿನಲ್ಲಿ ಪ್ರತಿಷ್ಠೆಯಾದಾಗ ರೊಟ್ಟಿಯ ತಿರುಳು ಕ್ರಿಸ್ತನ ದೇಹವಾಗಿ ಬದಲಾಗುತ್ತದೆ. ಬಣ್ಣ, ರುಚಿ, ತೂಕದಂಥ ಹೊರಲಕ್ಷಣಗಳು ಮಾತ್ರ ಉಳಿಯುತ್ತವೆ. 1215ರ ಮಹಾಸಭೆ ಈ ಮಾರ್ಪಾಟಿನ ಪದವನ್ನು ಬಳಸಿತು, ಮಧ್ಯಯುಗದ ದೇವಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ಅರಿಸ್ಟಾಟಲನ ಪರಿಭಾಷೆಯಲ್ಲಿ ಅದನ್ನು ಬಿಡಿಸಿಟ್ಟ, 1551ರಲ್ಲಿ ಟ್ರೆಂಟ್ ಮಹಾಸಭೆ ಗಟ್ಟಿಮಾಡಿತು. ಆರ್ಥೊಡಾಕ್ಸರು ನಿಜವಾಗಿ ಬದಲಾಗುತ್ತದೆ ಎನ್ನುತ್ತಾರೆ, ಪವಿತ್ರಾತ್ಮನನ್ನು ಇಳಿದು ಬರುವಂತೆ ಬೇಡುತ್ತಾರೆ, ಹೇಗೆ ಎಂಬುದನ್ನು ರಹಸ್ಯವಾಗಿಯೇ ಬಿಡುತ್ತಾರೆ. ಪ್ರೊಟೆಸ್ಟಂಟ್ ಸುಧಾರಕ ಲೂಥರನ ಪ್ರಕಾರ ರೊಟ್ಟಿ ರೊಟ್ಟಿಯಾಗಿಯೇ ಇದ್ದು, ಅದರ ಒಳಗೆ, ಜೊತೆಗೆ, ಅಡಿಯಲ್ಲಿ ಕ್ರಿಸ್ತನ ದೇಹವೂ ಇರುತ್ತದೆ. ಇನ್ನೊಬ್ಬ ಸುಧಾರಕ ಜ್ವಿಂಗ್ಲಿಯ ಪ್ರಕಾರ ‘ಇದು ನನ್ನ ದೇಹ’ ಎಂದರೆ ‘ಇದು ನನ್ನ ದೇಹವನ್ನು ಸೂಚಿಸುತ್ತದೆ’. ಕ್ಯಾಲ್ವಿನ್ ನಡುವೆ ನಿಂತ: ದೇಹ ಇಳಿದು ಬರುವುದಿಲ್ಲ, ಆದರೆ ಆತ್ಮನ ಬಲದಿಂದ ನಂಬುವವನು ಕ್ರಿಸ್ತನಿಂದ ನಿಜವಾಗಿಯೂ ಪೋಷಣೆ ಪಡೆಯುತ್ತಾನೆ.

1529ರಲ್ಲಿ ಮಾರ್ಬರ್ಗಿನ ಕೋಟೆಯಲ್ಲಿ ಲೂಥರ್ ಮತ್ತು ಜ್ವಿಂಗ್ಲಿಯನ್ನು ಎದುರುಬದುರು ಕೂರಿಸಿದರು. ಲೂಥರ್ ಸೀಮೆಸುಣ್ಣದಿಂದ ಮೇಜಿನ ಮೇಲೆ ಲ್ಯಾಟಿನ್‌ನಲ್ಲಿ ‘ಇದು ನನ್ನ ದೇಹ’ ಎಂದು ಬರೆದುಕೊಂಡು, ಆ ಮಾತಿನಿಂದ ಕದಲಲಿಲ್ಲ. ಹದಿನೈದು ಅಂಶಗಳಲ್ಲಿ ಹದಿನಾಲ್ಕಕ್ಕೆ ಒಪ್ಪಿಗೆಯಾಯಿತು. ಉಳಿದದ್ದು ಈ ಒಂದರ ಒಂದು ತುಂಡು. ನನ್ನನ್ನು ಕೇಳಿದರೆ ಕ್ಯಾಲ್ವಿನ್ ಹತ್ತಿರದವನು. ಆದರೆ ಕರವಸ್ತ್ರಕ್ಕೆ ಚೂರು ಆರಿಸಿದ ಆ ಮುದುಕರು ಎಲ್ಲರಿಗಿಂತ ಹೆಚ್ಚು ತಿಳಿದಿದ್ದರೇನೋ ಎಂಬ ಅನುಮಾನವೂ ಇದೆ.

ಒಂದು ಕಾಲದಲ್ಲಿ ಪಾತ್ರೆಯನ್ನು ಗುರುಗಳಷ್ಟೇ ಕುಡಿಯುತ್ತಿದ್ದರಂತೆ. ಏಕೆ?

ಚೆಲ್ಲೀತೆಂಬ ಭಯದಿಂದ ಪಶ್ಚಿಮದಲ್ಲಿ ಜನಸಾಮಾನ್ಯರಿಗೆ ಪಾತ್ರೆ ನಿಧಾನವಾಗಿ ತಪ್ಪಿತು, 1415ರಲ್ಲಿ ಕಾನ್‌ಸ್ಟನ್ಸ್ ಮಹಾಸಭೆ ಅದನ್ನು ನಿಯಮವೇ ಮಾಡಿತು. ಅದೇ ಸಭೆ ಅದೇ ವರ್ಷ ಜುಲೈ 6ರಂದು ಬೊಹೀಮಿಯದ ಯಾನ್ ಹುಸ್‌ನನ್ನು ಸುಡಿಸಿತು. ಅವನ ಹಿಂಬಾಲಕರು ಪಾತ್ರೆಯ ಚಿತ್ರವನ್ನೇ ಬಾವುಟಕ್ಕೆ ಹಾಕಿಕೊಂಡು ಯುದ್ಧಕ್ಕಿಳಿದರು. ಲೂಥರನೂ ಎಲ್ಲರಿಗೂ ಪಾತ್ರೆ ಕೊಡಬೇಕೆಂದ. ಕ್ಯಾಥೋಲಿಕ್ ಸಭೆ 1963ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆಯಲ್ಲಿ ಕೆಲವು ಸಂದರ್ಭಗಳಿಗೆ ಬಾಗಿಲು ತೆರೆಯಿತು, ಆಮೇಲೆ ಅದು ಇನ್ನಷ್ಟು ಅಗಲವಾಗಿದೆ.

ಯೇಸು ಒಂದೇ ಸಲ ಬಲಿಯಾದರು. ಹಾಗಿದ್ದರೆ ‘ಬಲಿಪೂಜೆ’ ಎನ್ನುವುದು ತಪ್ಪಲ್ಲವೇ?

ಸುಧಾರಕರ ಆಕ್ಷೇಪ ಇದೇ ಆಗಿತ್ತು. ಇಬ್ರಿಯರಿಗೆ ಬರೆದ ಪತ್ರ ‘ಒಂದೇ ಸಾರಿ’ ಎಂದು ಒತ್ತಿ ಹೇಳುತ್ತದೆ. ಕ್ಯಾಥೋಲಿಕ್ ಉತ್ತರ: ಬಲಿ ಮತ್ತೊಮ್ಮೆ ನಡೆಯುವುದಿಲ್ಲ, ಅದೇ ಒಂದು ಬಲಿ ನಮ್ಮ ಮುಂದೆ ಸಾಕ್ಷಾತ್ತಾಗುತ್ತದೆ. ‘ನೆನಪಿಸಿಕೊಳ್ಳುವುದು’ ಎಂಬ ಪದ ಇಲ್ಲಿ ಸೇತುವೆಯಾಗಬಲ್ಲದು. ಪ್ರತಿ ತಲೆಮಾರಿನವನೂ ತಾನೇ ಐಗುಪ್ತದಿಂದ ಹೊರಟುಬಂದಂತೆ ಭಾವಿಸಬೇಕು ಎಂದು ಯಹೂದ್ಯರ ಹಳೆಯ ಧರ್ಮಗ್ರಂಥ ಮಿಷ್ನಾ ಪಸ್ಕದ ಬಗ್ಗೆ ಹೇಳುತ್ತದೆ. ಹಳೆಯ ಫೋಟೊ ನೋಡುವ ನೆನಪಲ್ಲ ಅದು. 1982ರಲ್ಲಿ ಲಿಮಾದಲ್ಲಿ ಹಲವು ಸಭೆಗಳ ದೇವಶಾಸ್ತ್ರಜ್ಞರು ಸೇರಿ ಒಪ್ಪಿದ ದಾಖಲೆ ಹೆಚ್ಚುಕಡಿಮೆ ಇದೇ ದಾರಿ ಹಿಡಿಯಿತು.

ಬೇರೆ ಸಭೆಗೆ ಹೋದಾಗ ಅಲ್ಲಿ ತೆಗೆದುಕೊಳ್ಳಬಹುದೇ?

ಕ್ಯಾಥೋಲಿಕ್ ಮತ್ತು ಆರ್ಥೊಡಾಕ್ಸ್ ಸಭೆಗಳಲ್ಲಿ ಸಾಮಾನ್ಯವಾಗಿ ಇಲ್ಲ: ಒಂದೇ ನಂಬಿಕೆ ಇಲ್ಲದೆ ಒಂದೇ ಮೇಜು ಎಂದರೆ ಇಲ್ಲದ ಐಕ್ಯವನ್ನು ಇದೆ ಎಂದಂತೆ ಎಂಬುದು ಅವರ ಮಾತು. ಬಹಳಷ್ಟು ಪ್ರೊಟೆಸ್ಟಂಟ್ ಸಭೆಗಳು ದೀಕ್ಷಾಸ್ನಾನವಾದ ಎಲ್ಲರನ್ನೂ ಕರೆಯುತ್ತವೆ. ಯೂರೋಪಿನ ಲೂಥರನ್ ಮತ್ತು ರಿಫಾರ್ಮ್ಡ್ ಸಭೆಗಳು ಮಾರ್ಬರ್ಗಿನ ಮುನಿಸನ್ನು 1973ರ ಲೊಯೆನ್‌ಬರ್ಗ್ ಒಪ್ಪಂದದಲ್ಲಿ ಮುಗಿಸಿ ಒಬ್ಬರ ಮೇಜಿಗೆ ಒಬ್ಬರು ಬರುವಂತಾಯಿತು. ಆರಾಧನೆಗೆ ಮುಂಚೆ ಕೇಳಿ. ಗಂಡ ಒಂದು ಸಭೆ, ಹೆಂಡತಿ ಇನ್ನೊಂದು ಆಗಿರುವ ಮನೆಗಳಲ್ಲಿ ಈ ನಿಯಮ ಎಷ್ಟು ನೋಯಿಸುತ್ತದೆ ಎಂದು ಬಲ್ಲೆ. ನೋವಾಗುತ್ತದೆ ಎಂದು ನಿಯಮವನ್ನು ಗುಟ್ಟಾಗಿ ಮುರಿಯಿರಿ ಎಂದು ಮಾತ್ರ ಹೇಳಲಾರೆ.

ಇದಿಲ್ಲದೆಯೇ ಕ್ರೈಸ್ತ ಆರಾಧನೆ ಸಾಧ್ಯವಿಲ್ಲವೇ?

ಸಾಧ್ಯ ಎನ್ನುವ ಕ್ರೈಸ್ತ ಪಂಗಡಗಳಿವೆ. ಕ್ವೇಕರರು ಹದಿನೇಳನೇ ಶತಮಾನದಿಂದ ಇದಿಲ್ಲದೆ ಮೌನದಲ್ಲೇ ಕೂಡುತ್ತಾರೆ. ಸಾಲ್ವೇಶನ್ ಆರ್ಮಿ 1883ರಲ್ಲಿ ಸಂಸ್ಕಾರಗಳನ್ನು ನಿಲ್ಲಿಸಿತು. ಇಡೀ ಬದುಕೇ ಸಂಸ್ಕಾರವಾಗಬೇಕು ಎನ್ನುವ ಅವರು ಹಸಿದವರಿಗೆ ಬಡಿಸಿದ ಊಟದ ಮುಂದೆ ನಮ್ಮ ಬೆಳ್ಳಿ ತಟ್ಟೆಗಳು ಬಾಯಿ ಮುಚ್ಚಿಕೊಂಡಿರುವುದು ಒಳ್ಳೆಯದು. ಆದರೂ ನಾನು ಅವರ ದಾರಿ ಹಿಡಿಯಲಾರೆ. ಬೋಧನೆಯನ್ನು ನಾನು ಒಪ್ಪಬಹುದು, ಬಿಡಬಹುದು, ನಿದ್ದೆಯನ್ನೂ ಮಾಡಬಹುದು. ಇದನ್ನು ಪಡೆಯಲು ಎದ್ದು ನಡೆದು, ಯಾರ ಪಕ್ಕದಲ್ಲಿ ಜಾಗ ಸಿಕ್ಕಿತೋ ಅವರ ಪಕ್ಕದಲ್ಲಿ ಕೈಚಾಚಬೇಕು. ಆರಾಧನೆಯ ಬೇರಾವ ಭಾಗವೂ ನನ್ನಿಂದ ಅಷ್ಟನ್ನು ಕೇಳುವುದಿಲ್ಲ.

ತಮ್ಮನ್ನು ಹಿಡಿದುಕೊಟ್ಟ ಶಿಷ್ಯ ಯೂದನಿಗೂ ಯೇಸು ಆ ರೊಟ್ಟಿ ಕೊಟ್ಟರೇ?

ಮತ್ತಾಯ, ಮಾರ್ಕರಲ್ಲಿ ದ್ರೋಹದ ಮಾತು ಮೊದಲು, ರೊಟ್ಟಿ ಆಮೇಲೆ; ಯೂದ ಯಾವಾಗ ಎದ್ದು ಹೋದನೆಂದು ಹೇಳಿಲ್ಲ. ಲೂಕನಲ್ಲಿ ರೊಟ್ಟಿ ಮತ್ತು ಪಾತ್ರೆ ಕೊಟ್ಟಾದ ಮೇಲೆ, ನನ್ನನ್ನು ಹಿಡಿದುಕೊಡುವವನ ಕೈ ಈ ಮೇಜಿನ ಮೇಲೆಯೇ ಇದೆ ಎನ್ನುತ್ತಾರೆ. ಯೋಹಾನನಲ್ಲಿ ಯೇಸು ತುತ್ತನ್ನು ಅದ್ದಿ ಯೂದನಿಗೇ ಕೊಡುತ್ತಾರೆ. ಯೂದನೂ ಸ್ವೀಕರಿಸಿದ ಎಂದೇ ಅಕ್ವಿನಾಸ್ ವಾದಿಸುತ್ತಾನೆ, ಅದರಿಂದ ಒಂದು ನಡೆಯನ್ನೂ ತೆಗೆಯುತ್ತಾನೆ: ಆರೋಪಿಸುವವರಿಲ್ಲದ, ಸಾಕ್ಷಿಯಿಲ್ಲದ ಗುಟ್ಟಿನ ಪಾಪಕ್ಕಾಗಿ ಯಾರನ್ನೂ ಎಲ್ಲರೆದುರು ಬೇರ್ಪಡಿಸಬಾರದು ಎಂಬುದಕ್ಕೆ ಕ್ರಿಸ್ತನೇ ಮಾದರಿಯಾದ. ತಟ್ಟೆ ಹಿಡಿದು ಸಾಲಿನ ಮುಂದೆ ನಿಂತಾಗ ನಾನು ಬರುವವರ ಮುಖ ನೋಡುವುದಿಲ್ಲ. ಕೈಗಳನ್ನಷ್ಟೇ ನೋಡುತ್ತೇನೆ.